ದಪ್ಪ ಟೈರಿನ ಮೇಲಿನ ತಪ್ಪು ನಂಬಿಕೆ

ಕಳೆದ ಬೇಸಿಗೆಯಲ್ಲಿ ಹಾಸನದ ಟೈರ್ ಅಂಗಡಿಯೊಂದರ ಮುಂದೆ ಕಂಡದ್ದರಿಂದ ಮಾತು ಶುರು ಮಾಡುತ್ತೇನೆ. ಮನೆಗೆ ಬಂದು ಎರಡು ತಿಂಗಳೂ ತುಂಬದ ಜಿಮ್ನಿಯೊಂದು ಜಾಕಿನ ಮೇಲೆ ನಿಂತಿತ್ತು. ಕಂಪನಿ ಕೊಟ್ಟ ಐದೂ ಟೈರುಗಳನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಹೊಸ ಟೈರಿನ ಮೈಮೇಲಿರುವ ರಬ್ಬರಿನ ಎಳೆಗಳು ಅವುಗಳಲ್ಲಿ ಇನ್ನೂ ಉದುರಿರಲಿಲ್ಲ. ಅವುಗಳ ಜಾಗಕ್ಕೆ ಏರುತ್ತಿದ್ದುದು ಅಗಲವಾದ, ದಪ್ಪ ಬಟನ್ನುಗಳ, ಪಕ್ಕದ ಗೋಡೆಯ ಮೇಲೆ ದೊಡ್ಡ ಬಿಳಿ ಅಕ್ಷರಗಳಿದ್ದ ಆಲ್-ಟೆರೇನ್ ಟೈರುಗಳು. ಗಾಡಿಯ ಯಜಮಾನ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ.

"ಎಲ್ಲಿ ಓಡಿಸ್ತೀಯಪ್ಪಾ ಹೆಚ್ಚಾಗಿ?" ಎಂದು ಕೇಳಿದೆ.

"ದಿನಾ ಬೆಂಗಳೂರಲ್ಲಿ ಆಫೀಸಿಗೆ ಸಾರ್. ತಿಂಗಳಿಗೊಂದ್ಸಲ ಊರಿಗೆ."

"ಮತ್ತೆ ಈ ಟೈರು?"

"ಫೋರ್ ವೀಲ್ ಗಾಡಿ ತಗೊಂಡು ಎ.ಟಿ. ಟೈರ್ ಹಾಕಿಸ್ಲಿಲ್ಲ ಅಂದ್ರೆ ಹೇಗೆ ಸಾರ್?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಮೂವತ್ತು ವರ್ಷ ಜೀಪು, ಪಿಕಪ್ಪು ಓಡಿಸಿದ ನಾನೂ ಒಮ್ಮೆ ಹಾಗೆಯೇ ನಂಬಿ ಕೈಸುಟ್ಟುಕೊಂಡವನು. ಸಿಟ್ಟಿರುವುದು ಅವನ ಬಾಯಲ್ಲಿ ಆ ಮಾತು ಕೂರಿಸಿದ ನಂಬಿಕೆಯ ಮೇಲೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗೆ ಒರಟು ಟೈರೇ ಸರಿ, ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಅಳತೆ ದೊಡ್ಡದಾದಷ್ಟೂ ಗಾಡಿ ಬಲಶಾಲಿ. ಈ ಮೂರು ಮಾತು ಇವತ್ತು ಅಂಗಡಿಯಿಂದ ಅಂಗಡಿಗೆ, ಗೆಳೆಯರ ಗುಂಪಿನಿಂದ ಗುಂಪಿಗೆ ಪ್ರಶ್ನೆಯಿಲ್ಲದೆ ಸಾಗುತ್ತಿವೆ. ಮೂರೂ ತಪ್ಪು. ನಮ್ಮ ಮಳೆ, ನಮ್ಮ ಮಣ್ಣು, ನಮ್ಮ ಘಾಟಿ ರಸ್ತೆಗಳ ಮಟ್ಟಿಗಂತೂ ಅಪಾಯ ತರುವಷ್ಟು ತಪ್ಪು.

ಮೊದಲು ಎದುರುಪಕ್ಷದ ವಾದವನ್ನು ಅದರ ಪೂರ್ತಿ ಬಲದಲ್ಲಿ ಇಡುತ್ತೇನೆ. ಹೈವೇ ಟೈರಿನ ಮೇಲ್ಮೈಯಲ್ಲಿ ಗೀರುಗಳು ಸಣ್ಣ, ಕೆಸರು ಬೇಗ ತುಂಬಿಕೊಳ್ಳುತ್ತದೆ, ಆಮೇಲೆ ಚಕ್ರ ಸುಮ್ಮನೆ ತಿರುಗುತ್ತದೆ. ಆಲ್-ಟೆರೇನ್ ಟೈರಿನಲ್ಲಿ ಬಟನ್ನುಗಳ ನಡುವೆ ಜಾಗ ಹೆಚ್ಚು. ಕೆಸರನ್ನು ಕಚ್ಚಿ, ಆಚೆ ಎಸೆದು, ಮತ್ತೆ ಕಚ್ಚುತ್ತದೆ. ಪಕ್ಕದ ಗೋಡೆ ದಪ್ಪ. ಚೂಪು ಜಲ್ಲಿ ತಾಗಿದರೆ ಬೇಗ ಸೀಳುವುದಿಲ್ಲ. ಗೋಡೆ ಹರಿದರೆ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ, ಟೈರು ಹೋದಂತೆಯೇ. ಆದ್ದರಿಂದ ಯಾವ ರಸ್ತೆ ಎದುರಾದರೂ ಸೈ ಎನ್ನುವ ಟೈರನ್ನು ಹಾಕಿಸಿಕೊಂಡುಬಿಡುವುದೇ ಜಾಣತನ ಎನ್ನುತ್ತಾರೆ.

ಇದರಲ್ಲಿ ಕೆಸರಿನ ಮಾತು, ಜಲ್ಲಿಯ ಮಾತು, ಗೋಡೆಯ ಮಾತು ನಿಜ. ಅವುಗಳಿಂದ ಎಳೆದ ತೀರ್ಮಾನ ಸುಳ್ಳು. ಎಲ್ಲ ನೆಲಕ್ಕೂ ಒಗ್ಗುವ ಟೈರು ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಟೈರಿನಲ್ಲಿ ಒಂದು ಗುಣ ಬೇಕೆಂದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಬಟನ್ನುಗಳ ನಡುವೆ ಜಾಗ ಬಿಟ್ಟರೆ ಅಷ್ಟು ರಬ್ಬರು ಡಾಂಬರಿನಿಂದ ದೂರವಾಯಿತು. ಬಟನ್ನು ಎತ್ತರವಾದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಅದು ಬಾಗುತ್ತದೆ, ಸ್ಟೇರಿಂಗಿಗೆ ಗಾಡಿ ತಡವಾಗಿ ಓಗೊಡುತ್ತದೆ. ಕಲ್ಲಿಗೆ ಚೂರುಚೂರಾಗದಿರಲೆಂದು ರಬ್ಬರನ್ನು ಗಡಸು ಮಾಡಿದರೆ ಒದ್ದೆ ರಸ್ತೆಯ ಸಣ್ಣಸಣ್ಣ ಉಬ್ಬುತಗ್ಗುಗಳನ್ನು ಅದು ಅಪ್ಪಿ ಹಿಡಿಯುವುದು ಕಡಿಮೆಯಾಗುತ್ತದೆ. ಹೀಗೆ ಎಲ್ಲ ನೆಲಕ್ಕೂ ಸ್ವಲ್ಪ ಸ್ವಲ್ಪ ಒಗ್ಗುವ ಟೈರು ಯಾವ ನೆಲಕ್ಕೂ ಪೂರ್ತಿ ಒಗ್ಗುವುದಿಲ್ಲ. ಅದು ರಾಜಿಯ ಟೈರು. ರಾಜಿ ಕೆಟ್ಟದ್ದೇನಲ್ಲ, ಆದರೆ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇವೆ ಎಂಬ ಲೆಕ್ಕ ಗೊತ್ತಿದ್ದು ಆಗಬೇಕು.

ಆ ಟೈರು ಹುಟ್ಟಿದ ನೆಲ ಯಾವುದು ಎಂದು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅಮೆರಿಕದ ಬಿಎಫ್‌ಗುಡ್ರಿಚ್ ಕಂಪನಿ 1976ರಲ್ಲಿ ಆಲ್-ಟೆರೇನ್ ರೇಡಿಯಲ್ ಟೈರನ್ನು ಹೊರತಂದಿತು. ಮೆಕ್ಸಿಕೋದ ಬಾಹಾ ಮರುಭೂಮಿಯ ಪಂದ್ಯಗಳಲ್ಲಿ ಅದರ ಹೆಸರು ಬೆಳೆಯಿತು. ಒಣ ಮರಳು, ಒಡೆದ ಬಂಡೆ, ನೂರಾರು ಮೈಲಿ ಜಲ್ಲಿ ಹಾದಿ ಅದರ ಪರೀಕ್ಷೆಯ ಕಣ. ನಮ್ಮದು ಬೇರೆ ಲೋಕ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಬೀಳುತ್ತದೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಡಾಂಬರು ಒಣಗುವುದೇ ಅಪರೂಪ. ಮರದ ನೆರಳಿನ ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, ನಡುವೆ ಕೊಳೆತ ಎಲೆ, ತೋಟದಿಂದ ಇಳಿದ ಕೆಮ್ಮಣ್ಣಿನ ತೆಳು ಲೇಪ. ಇಲ್ಲಿ ಜೀವ ಉಳಿಸುವ ಗುಣ ಒಂದೇ. ಒದ್ದೆ ಡಾಂಬರಿನ ಮೇಲೆ ಗಾಡಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದು.

ನಿಲ್ಲುವ ವಿಷಯದಲ್ಲಿ ಫೋರ್ ವೀಲ್ ಎಂಬುದು ಯಾವ ಸಹಾಯಕ್ಕೂ ಬರುವುದಿಲ್ಲ. ಇದನ್ನು ಎಷ್ಟೋ ಜನ ಯೋಚಿಸಿಯೇ ಇಲ್ಲ. ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವುದು ಗಾಡಿ ಮುಂದೆ ಹೋಗುವುದಕ್ಕೆ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇದೆ. ಎರಡು ಟನ್ನಿನ ಗಾಡಿ ಮತ್ತು ಒಂದು ಟನ್ನಿನ ಸಣ್ಣ ಕಾರು, ಎರಡಕ್ಕೂ ನಿಲ್ಲಲು ಇರುವುದು ಟೈರಿನ ಹಿಡಿತ ಮಾತ್ರ. ಲೆಕ್ಕ ಸರಳವಾಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕು ಒತ್ತಿದಾಗ ಘರ್ಷಣೆಯ ಗುಣಾಂಕ 0.6 ಇದ್ದರೆ ಗಾಡಿ ಸುಮಾರು 23.6 ಮೀಟರಿನಲ್ಲಿ ನಿಲ್ಲುತ್ತದೆ. ಅದೇ 0.5ಕ್ಕೆ ಇಳಿದರೆ ಸುಮಾರು 28.3 ಮೀಟರ್ ಬೇಕು. ನಡುವಿನ ನಾಲ್ಕೂವರೆ ಮೀಟರಿಗೂ ಮಿಕ್ಕಿದ ಅಂತರ ಎಂದರೆ ಒಂದು ಥಾರ್ ಗಾಡಿಯ ಉದ್ದಕ್ಕಿಂತ ಹೆಚ್ಚು. ತಿರುವಿನಾಚೆ ನಿಂತ ಹಸುವಿಗೂ ಶಾಲೆ ಮಗುವಿಗೂ ನಮಗೂ ನಡುವೆ ಅಷ್ಟು ಜಾಗ ಇರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ.

ನನ್ನ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ತೋಟದ ಪಿಕಪ್ಪಿಗೆ ಕಂಪನಿ ಅಳತೆಗಿಂತ ಅಗಲವಾದ, ಹತ್ತು ಪ್ಲೈ ಬಲದ ಒರಟು ಟೈರು ಹಾಕಿಸಿದೆ. ಜುಲೈ ತಿಂಗಳ ಒಂದು ಸಂಜೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಟೆಯಿಂದ ಬರುತ್ತಿದ್ದೆ. ಮಳೆ ಹೊಯ್ದು ಬಿಟ್ಟಿತ್ತು, ರಸ್ತೆ ತೆಳ್ಳಗೆ ಒದ್ದೆ. ಇಳಿಜಾರಿನ ತಿರುವಿನಲ್ಲಿ ಹಾಲಿನ ವ್ಯಾನೊಂದು ನಿಂತಿತ್ತು. ವೇಗ ಐವತ್ತರ ಒಳಗೇ ಇತ್ತು. ಬ್ರೇಕು ಒತ್ತಿದೆ. ಪೆಡಲು ಕಾಲಡಿ ಕಟಕಟ ಅಂದಿತು, ಗಾಡಿ ಮಾತ್ರ ಜಾರುತ್ತಲೇ ಹೋಯಿತು. ಹತ್ತು ವರ್ಷ ಹಳೆಯ ಟೈರಿನಲ್ಲೂ ಆ ತಿರುವಿನಲ್ಲಿ ನಾನು ಹಾಗೆ ಜಾರಿದವನಲ್ಲ. ಕೊನೆಗೆ ಎಡಕ್ಕೆ ಎಳೆದು ಚರಂಡಿಗೆ ಇಳಿಸಿದೆ. ಮಗಳ ಹಣೆ ಕಿಟಕಿಗೆ ತಾಗಿ ಊದಿಕೊಂಡಿತು, ಇನ್ನೇನೂ ಆಗಲಿಲ್ಲ. ಆ ಟೈರು ಮಾರಿದವರು ಕೆಸರಿನ ಬಗ್ಗೆ ಹತ್ತು ಮಾತು ಹೇಳಿದ್ದರು. ಒದ್ದೆ ಡಾಂಬರಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಇನ್ನು ಅಗಲದ ನಂಬಿಕೆ. ಟೈರು ಅಗಲವಾದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ, ಆದ್ದರಿಂದ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ಕಣ್ಣಿಗೆ ಹಾಗೇ ಕಾಣುತ್ತದೆ, ಲೆಕ್ಕ ಬೇರೆ ಹೇಳುತ್ತದೆ. ಟೈರು ನೆಲಕ್ಕೆ ತಾಗುವ ಜಾಗವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಎರಡು ಸಂಗತಿ: ಆ ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿ. ಜನ, ಸಾಮಾನು ಸೇರಿ ಎರಡು ಟನ್ ಇರುವ ಗಾಡಿಯಲ್ಲಿ ಒಂದು ಚಕ್ರದ ಪಾಲಿಗೆ 500 ಕಿಲೋ. ಗಾಳಿ 35 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. ಭಾಗಿಸಿದರೆ ಸಿಗುವುದು 200 ಚದರ ಸೆಂಟಿಮೀಟರ್, ಒಂದೂವರೆ ಪೋಸ್ಟ್‌ಕಾರ್ಡಿನಷ್ಟು ಜಾಗ. ಟೈರು ಅಗಲವಾದರೆ ಈ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಒಟ್ಟು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದರೆ ಅದೇ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ ನೋಡಿ. ಜಾಗ ಸುಮಾರು ದುಪ್ಪಟ್ಟಾಗುತ್ತದೆ. ಟೈರಿನ ಗೋಡೆಯ ಬಿಗಿತದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಟೈರಿನ ಅಗಲದಿಂದ ಪಡೆಯಲಾಗದ್ದನ್ನು ವಾಲ್ವಿನ ಮೇಲೆ ಬೆರಳಿಟ್ಟು ಎರಡು ನಿಮಿಷದಲ್ಲಿ ಪಡೆಯಬಹುದು.

ಇದನ್ನು ನಮ್ಮ ಹಿರಿಯರು ಪುಸ್ತಕ ಓದಿ ಕಲಿತಿರಲಿಲ್ಲ. ಹಳೆಯ ವಿಲ್ಲೀಸ್ ಜೀಪಿನ ಟೈರು 6.00-16 ಅಳತೆಯದು, ಆರಿಂಚು ಅಗಲ. ನಮ್ಮ ಕಡೆಯ ಮಹೀಂದ್ರ ಜೀಪುಗಳು ಬಹುಕಾಲ ಅಂಥ ಸಪೂರ ಟೈರಿನಲ್ಲೇ ಕಾಫಿ ಮೂಟೆ ಹೊತ್ತವು, ಹೆರಿಗೆಗೆ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದವು. ಕೊಡಚಾದ್ರಿಯ ಬಾಡಿಗೆ ಜೀಪುಗಳನ್ನು ನೋಡಿದವರಿಗೆ ಗೊತ್ತು: ಬಂಡೆ, ಕೊರಕಲು, ಕೆಸರು ಬೆರೆತ ಆ ಹಾದಿಯಲ್ಲಿ ಹತ್ತು ಜನರನ್ನು ಹೇರಿಕೊಂಡು ಏರುವ ಜೀಪುಗಳಲ್ಲಿ ಅಗಲ ಟೈರು ಕಾಣುವುದು ಅಪರೂಪ. ಒಮ್ಮೆ ಅಲ್ಲಿ ನನ್ನ ಗಾಡಿ ಹೂತು ಚಕ್ರ ತಿರುಗುತ್ತಿದ್ದಾಗ ಹಿಂದಿನಿಂದ ಬಂದ ಜೀಪಿನ ಡ್ರೈವರು ಇಳಿದು ಬಂದು ಹೇಳಿದ ಮಾತು ಇಷ್ಟೇ: "ಎಕ್ಸಲೇಟ್ರು ಬಿಡಿ ಮಾರಾಯ್ರೇ. ಗಾಳಿ ಇಳಿಸಿ, ಸೆಕೆಂಡಲ್ಲಿ ಮೆಲ್ಲ ಬಿಡಿ, ತಾನೇ ಹತ್ತತ್ತೆ." ಹತ್ತಿತು.

ಕೆಸರಿಗೆ ಸಪೂರ ಚಕ್ರವೇ ಏಕೆ ಒಳ್ಳೆಯದೆಂದರೆ, ನಮ್ಮ ಮಲೆನಾಡಿನ ಕೆಸರಿಗೆ ಸಾಮಾನ್ಯವಾಗಿ ತಳ ಇರುತ್ತದೆ. ನಾಲ್ಕೈದು ಇಂಚು ಲೊಚಲೊಚ ಮಣ್ಣಿನ ಕೆಳಗೆ ಜಂಬಿಟ್ಟಿಗೆಯ ಗಟ್ಟಿ ಪದರವೋ ಹಾಸಿದ ಕಲ್ಲೋ ಸಿಗುತ್ತದೆ. ಸಪೂರ ಚಕ್ರ ಆ ಲೊಚಲೊಚೆಯನ್ನು ಸೀಳಿ ತಳ ಮುಟ್ಟಿ ಹಿಡಿಯುತ್ತದೆ. ಅಗಲ ಚಕ್ರ ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ. ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ, ಆಳೆತ್ತರ, ಅಂಗೈ ಅಗಲ. ಶತಮಾನಗಳ ಕೆಸರು ತುಳಿದ ನಮ್ಮ ಬಡಗಿಗಳೂ ಕಮ್ಮಾರರೂ ಆ ಆಕಾರಕ್ಕೆ ಬಂದು ನಿಂತದ್ದು ಸುಮ್ಮನೆ ಅಲ್ಲ. ಜಗತ್ತಿನ ಕಾಡುಗಳಲ್ಲಿ ಹೆಸರು ಮಾಡಿದ ಉದ್ದನೆಯ ಲ್ಯಾಂಡ್ ರೋವರುಗಳು ಓಡಿದ್ದೂ 7.50-16 ಅಳತೆಯ ಎತ್ತರದ, ಸಪೂರ ಟೈರುಗಳ ಮೇಲೆ.

ಅಗಲ ಚಕ್ರಕ್ಕೆ ಜಾಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ತಳವೇ ಇಲ್ಲದ ಮರಳಿನ ಮೇಲೆ, ಆಳವಾದ ಹಿಮದ ಮೇಲೆ ತೇಲಲೇಬೇಕು, ಮುಳುಗಿದರೆ ಕೆಟ್ಟಂತೆ. ಐಸ್‌ಲ್ಯಾಂಡಿನವರು ಹಿಮದ ಹಾಸಿನ ಮೇಲೆ ಹೋಗಲು ದೈತ್ಯ ಟೈರು ಹಾಕುತ್ತಾರೆ, ಗಾಳಿಯನ್ನು ಒಂದಂಕಿಗೆ ಇಳಿಸಿಬಿಡುತ್ತಾರೆ. ಅವರ ನೆಲಕ್ಕೆ ಅದು ಸರಿ. ಅವರ ಚಿತ್ರ ನೋಡಿ ನಾವು ಬಾಳೆಹೊನ್ನೂರಿನ ರಸ್ತೆಗೆ ಟೈರು ಆರಿಸುವುದು ಸರಿಯಲ್ಲ. ಕೆಲವು ಟೈರಿನ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುತ್ತದೆ. ಅದನ್ನು ತೋರಿಸಿ ಹೆಚ್ಚು ಹಿಡಿತದ ಟೈರು ಎಂದು ಮಾರುವವರಿದ್ದಾರೆ. ಅದು ಹಿಮದ ಮೇಲೆ ಮಾಡಿದ ಪರೀಕ್ಷೆಯ ಗುರುತು. ಇಪ್ಪತ್ತೈದು ಡಿಗ್ರಿ ಬಿಸಿಯ ನಮ್ಮ ಮಳೆ ರಸ್ತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಉತ್ತರ ಕರ್ನಾಟಕದ ಎರೆಮಣ್ಣಿನ ಮಾತನ್ನೂ ಆಡಬೇಕು. ಗದಗ, ನವಲಗುಂದ, ವಿಜಯಪುರದ ಕಡೆ ಹೊಲದ ದಾರಿಯಲ್ಲಿ ಒಂದು ಜೋರು ಮಳೆ ಬಿದ್ದ ಮೇಲೆ ನಡೆದು ನೋಡಿದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ನೀರು ಕುಡಿದು ಉಬ್ಬುವ ಜೇಡಿ ಅದು. ಆಲ್-ಟೆರೇನ್ ಟೈರಿನ ಬಟನ್ನುಗಳ ನಡುವಿನ ಜಾಗ ಆ ಮಣ್ಣಿಗೆ ಏನೇನೂ ಸಾಲದು. ಚಕ್ರ ನಾಲ್ಕು ಸುತ್ತು ತಿರುಗುವುದರೊಳಗೆ ಗೀರುಗಳೆಲ್ಲ ತುಂಬಿ ಟೈರು ನುಣ್ಣಗಿನ ಉಂಡೆಯಾಗುತ್ತದೆ. ಬೋಳು ಟೈರಿಗೂ ಅದಕ್ಕೂ ಆಮೇಲೆ ವ್ಯತ್ಯಾಸ ಉಳಿಯುವುದಿಲ್ಲ. ಆ ಸೀಮೆಯ ರೈತರು ಮಳೆಯಾದ ದಿನ ಗಾಡಿಯನ್ನು ಡಾಂಬರಿನ ಮೇಲೆ ಬಿಟ್ಟು ಹೊಲಕ್ಕೆ ನಡೆದು ಹೋಗುತ್ತಾರೆ. ಮಣ್ಣನ್ನು ಬಲ್ಲವರ ವಿವೇಕ ಅದು. ಯಾವ ಟೈರೂ ಆ ವಿವೇಕದ ಜಾಗ ತುಂಬುವುದಿಲ್ಲ.

ಮೂರನೆಯ ನಂಬಿಕೆ ಅಳತೆಯದು. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್ 15. ಇದರ ಜಾಗಕ್ಕೆ 235/75 ಆರ್ 15 ಹಾಕಿಸುವುದು ಒಂದು ರೂಢಿಯಾಗುತ್ತಿದೆ. ಗೋಡೆಯ ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. ಮೊದಲನೆಯದರ ಎತ್ತರ 693 ಮಿಲಿಮೀಟರ್, ಎರಡನೆಯದು 733. ನಲವತ್ತು ಮಿಲಿಮೀಟರ್ ಹೆಚ್ಚಿತು. ಆದರೆ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, ಬರೀ ಎರಡು ಸೆಂಟಿಮೀಟರ್. ಆ ಎರಡು ಸೆಂಟಿಮೀಟರಿಗೆ ಕೊಡುವ ಬೆಲೆ ಏನು? ಇಂಜಿನಿನ ಎಳೆತ ರಸ್ತೆಗೆ ಮುಟ್ಟುವುದು ಶೇಕಡ ಐದೂವರೆ ಕಡಿಮೆಯಾಗುತ್ತದೆ. ಅದೇ ಒತ್ತಿಗೆ ಬ್ರೇಕಿನ ಬಲವೂ ಅಷ್ಟೇ ಕಡಿಮೆಯಾಗುತ್ತದೆ. ವೇಗದ ಮೀಟರು ಕಂಪನಿ ಹೊಂದಿಸಿದ್ದಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುತ್ತದೆ. ಉಜ್ಜದಿರಲೆಂದು ಸ್ಪ್ರಿಂಗ್ ಎತ್ತರಿಸುತ್ತಾರೆ, ಎತ್ತರಿಸಿದ ಮೇಲೆ ಗಾಡಿ ತಿರುವಿನಲ್ಲಿ ವಾಲುತ್ತದೆ. ಚಕ್ರವೊಂದಕ್ಕೆ ಐದಾರು ಕಿಲೋ ಭಾರ ಹೆಚ್ಚಿದರೆ ಅದನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಗಾಡಿ ಒದ್ದಾಡುತ್ತದೆ, ವೀಲ್ ಬೇರಿಂಗೂ ಬಾಲ್ ಜಾಯಿಂಟೂ ಬೇಗ ಸವೆಯುತ್ತವೆ. ಡೀಸೆಲು, ಪೆಟ್ರೋಲಿನ ಖರ್ಚು, ಹೈವೇಯಲ್ಲಿ ಕಿವಿಗೆ ಬಡಿಯುವ ಗುಂಯ್ ಸದ್ದು, ಇವನ್ನು ಬಿಡಿಸಿ ಹೇಳಬೇಕಿಲ್ಲ.

ಹೆಚ್ಚು ಪ್ಲೈ ಇದ್ದರೆ ಹೆಚ್ಚು ಗಟ್ಟಿ, ಆದ್ದರಿಂದ ಹೆಚ್ಚು ಒಳ್ಳೆಯದು ಎಂಬ ಮಾತೂ ಹೀಗೆಯೇ. ಹತ್ತು ಪ್ಲೈ ಬಲದ ಟೈರು ಭಾರ ಹೊರುವ ಲಾರಿಯಂಥ ಗಾಡಿಗೆ ಮಾಡಿದ್ದು. ಅದೇ ಭಾರ ಹೊರಲು ಅದಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಹಗುರ ಗಾಡಿಗೆ ಹಾಕಿದರೆ ಗೋಡೆ ಬಾಗುವುದಿಲ್ಲ, ಉಬ್ಬುತಗ್ಗಿಗೆ ಒಗ್ಗುವುದಿಲ್ಲ, ಗಾಳಿ ಇಳಿಸಿದರೂ ಚಪ್ಪಟೆಯಾಗಿ ಹರಡುವುದಿಲ್ಲ. ಬೆಟ್ಟದ ಹಾದಿಯಲ್ಲಿ ಯಾವ ಗುಣ ಬೇಕೋ ಅದನ್ನೇ ದುಡ್ಡು ಕೊಟ್ಟು ಕಳೆದುಕೊಂಡ ಹಾಗಾಯಿತು. ನೋಡಬೇಕಾದ್ದು ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬುದರ ಅಂಕಿ. 96 ಎಂದಿದ್ದರೆ 710 ಕಿಲೋ, 100 ಎಂದರೆ 800, 112 ಎಂದರೆ 1,120. ಕಂಪನಿ ಹೇಳಿದ ಅಂಕಿಗಿಂತ ಕಡಿಮೆ ಇರಕೂಡದು. ಅದರ ಎರಡರಷ್ಟು ಇದ್ದರೂ ಲಾಭವಿಲ್ಲ.

ಕಾನೂನಿನ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರು ನಿಗದಿ ಮಾಡಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರ ಮುಂದೆ ನಿಂತಾಗ ಬಿಳಿ ಅಕ್ಷರದ ಟೈರು ನಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ.

"ಹೂತು ಹೋದರೆ ಏನು ಮಾಡೋದು?" ಎಂದು ಕೇಳುವವರಿಗೆ ಒಂದು ಮಾತು. ಗಾಡಿಗಳು ಹೂತು ಹೋಗುವುದು ಎಷ್ಟೋ ಸಲ ಟೈರಿನಿಂದಲ್ಲ. ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ಎದ್ದಾಗ, ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಶಕ್ತಿಯೆಲ್ಲ ಆ ಎದ್ದ ಚಕ್ರಕ್ಕೇ ಹರಿದು ಸುಮ್ಮನೆ ತಿರುಗುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಎಂಥ ಬಟನ್ನಿದ್ದರೇನು? ಅಲ್ಲಿ ಕೆಲಸಕ್ಕೆ ಬರುವುದು ಇಳಿದು ನೋಡಿ ಹಾದಿ ಆರಿಸುವ ತಾಳ್ಮೆ, ಕೆಸರಿಗೆ ಇಳಿಯುವ ಮೊದಲೇ ಲೋ ಗೇರು ಹಾಕುವ ಅಭ್ಯಾಸ, ಒಂದು ಒಳ್ಳೆಯ ಹಗ್ಗ, ಒಂದು ಸಲಿಕೆ. ಒರಟು ಟೈರು ಈ ಅಭ್ಯಾಸಗಳನ್ನು ಕಲಿಸುವುದಿಲ್ಲ. ಬದಲಿಗೆ ಹುಸಿ ಧೈರ್ಯ ತುಂಬಿ, ಹಿಂದೆ ತಿರುಗಬೇಕಾದ ಜಾಗವನ್ನು ದಾಟಿಸಿ, ಟ್ರ್ಯಾಕ್ಟರೂ ಬರಲಾಗದ ಕಡೆ ನಮ್ಮನ್ನು ಹೂಳುತ್ತದೆ.

ಆ ಹುಸಿ ಧೈರ್ಯಕ್ಕೆ ಬೆಲೆ ತೆರುವುದು ನಾವೊಬ್ಬರೇ ಅಲ್ಲ. ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲುಗಳ ಮೇಲೆ ಬಟನ್ ಟೈರು ಒಂದು ಸಲ ಗಿರ್ರೆಂದು ತಿರುಗಿದರೆ ಹುಲ್ಲಿನ ಬೇರಿನ ಹಾಸು ಹರಿಯುತ್ತದೆ. ಮುಂದಿನ ಮಳೆಗೆ ಆ ಗೀರು ತೊರೆಯಾಗುತ್ತದೆ, ಮೂರು ಮಳೆಗೆ ಕೊರಕಲಾಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು ಅದು ಕೆಳಗಿನ ಊರಿನವರ ನೀರಿಗೆ ಮಾಡುವ ದ್ರೋಹ. ಟೈರು ಎಲ್ಲ ನೆಲಕ್ಕೂ ಒಗ್ಗಬಹುದು, ಎಲ್ಲ ನೆಲವೂ ಟೈರಿಗೆ ಒಗ್ಗಬೇಕೆಂದಿಲ್ಲ.

ಹಾಗಾದರೆ ಆಲ್-ಟೆರೇನ್ ಟೈರು ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ದಿನಕ್ಕೆ ಎರಡು ಸಲ ಚೂಪು ಜಲ್ಲಿಯ ತೋಟದ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಓಡಾಡುವ, ತೋಟದ ಲೆಕ್ಕ ಬರೆಯುವ ರೈಟರಿಗೆ ಬೇಕು. ಕಲ್ಲುಕ್ವಾರಿಗೆ ಹೋಗುವವರಿಗೆ, ಅರಣ್ಯ ಇಲಾಖೆಯ ಗಸ್ತಿನ ಗಾಡಿಗೆ, ಲಡಾಖಿನ ಮೊರಂಪು ಹಾದಿಗಳಲ್ಲಿ ದಿನಗಟ್ಟಲೆ ಓಡಿಸುವವರಿಗೆ ಬೇಕು. ಅವರಿಗೆ ಡಾಂಬರಿನ ಮೇಲೆ ಸ್ವಲ್ಪ ಹಿಡಿತ ಹೋದರೂ ಗೋಡೆ ಹರಿಯದಿರುವುದು ಮುಖ್ಯ. ಎಲ್ಲ ಆಲ್-ಟೆರೇನ್ ಟೈರುಗಳೂ ಒಂದೇ ಅಲ್ಲ ಎಂಬುದನ್ನೂ ಒಪ್ಪುತ್ತೇನೆ. ಸಣ್ಣಸಣ್ಣ ಸೀಳುಗೆರೆಗಳಿರುವ, ಬಟನ್ನುಗಳು ಒತ್ತೊತ್ತಾಗಿರುವ, ಮೆದು ರಬ್ಬರಿನ ಸೌಮ್ಯ ಬಗೆಗಳು ಒದ್ದೆ ರಸ್ತೆಯಲ್ಲಿ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಥಾರ್‌ನ ಕೆಲವು ಮಾದರಿಗಳಿಗೆ ಕಾರ್ಖಾನೆಯಿಂದಲೇ 255/65 ಆರ್ 18 ಅಳತೆಯ ಆಲ್-ಟೆರೇನ್ ಟೈರು ಬಂದಿದೆ. ಆ ಗಾಡಿಯ ಬ್ರೇಕು, ಸ್ಪ್ರಿಂಗು, ಗೇರು ಎಲ್ಲವನ್ನೂ ಅದಕ್ಕೆ ಹೊಂದಿಸಿಯೇ ಕೊಟ್ಟಿದ್ದಾರೆ. ನನ್ನ ಜಗಳ ಆ ಟೈರಿನ ಜೊತೆ ಅಲ್ಲ. ಕೇಳದೆ, ಅಳೆಯದೆ, ನೋಟಕ್ಕೆಂದು ಹಾಕಿಸಿಕೊಂಡು ಅದನ್ನೇ ಸುರಕ್ಷತೆ ಎಂದು ನಂಬುವುದರ ಜೊತೆ.

ಆರಿಸುವ ದಾರಿ ಕಷ್ಟದ್ದೇನಲ್ಲ. ಒಂದು ತಿಂಗಳು ಓಡಿಸಿದ ರಸ್ತೆಯನ್ನು ಚೀಟಿಯಲ್ಲಿ ಬರೆದಿಡಿ, ಡಾಂಬರು ಎಷ್ಟು, ಜಲ್ಲಿ ಎಷ್ಟು, ಕೆಸರು ಎಷ್ಟು. ನೂರರಲ್ಲಿ ತೊಂಬತ್ತು ಪಾಲು ಡಾಂಬರೇ ಆದರೆ ಒಳ್ಳೆಯ ಹೈವೇ ಟೈರು ಸಾಕು. ಉಳಿದ ಹತ್ತು ಪಾಲಿಗೆ ಗಾಳಿ ಇಳಿಸುವುದನ್ನು ಕಲಿಯಿರಿ. ಕಾಲು ಪಾಲಿಗಿಂತ ಹೆಚ್ಚು ಜಲ್ಲಿ, ಕಚ್ಚಾ ರಸ್ತೆ ಇದ್ದರೆ ಸೌಮ್ಯ ಆಲ್-ಟೆರೇನ್ ಆರಿಸಿ, ಕಂಪನಿಯ ಅಳತೆಯಲ್ಲೇ. ಅಂಗಡಿಯಲ್ಲಿ ಒದ್ದೆ ರಸ್ತೆಯ ಹಿಡಿತದ ಬಗ್ಗೆ ಕೇಳಿ. ಟೈರುಗಳಿಗೆ ಒದ್ದೆ ಹಿಡಿತ, ಉರುಳುವ ತಡೆ, ಸದ್ದು, ಈ ಮೂರರ ಮಟ್ಟವನ್ನು ಕೇಂದ್ರ ಸರ್ಕಾರ 2022ರ ಅಧಿಸೂಚನೆಯಿಂದ ಕಡ್ಡಾಯ ಮಾಡಿದೆ. ಕೇಳುವುದು ನಮ್ಮ ಹಕ್ಕು. ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಮಾಡಿದ್ದು ಎಂದರ್ಥ. ರಬ್ಬರು ಗೋಡೌನಿನಲ್ಲಿ ಕೂತರೂ ಮುದಿಯಾಗುತ್ತದೆ, ಗಡಸಾಗುತ್ತದೆ. ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡಿಸುವವರು ಎತ್ತರ ಬಟನ್ನಿನ ಟೈರು ಹಾಕಿಸಿದರೆ ಬಟನ್ನು ಸವೆಯುವ ಎಷ್ಟೋ ಮೊದಲೇ ರಬ್ಬರು ಕಲ್ಲಾಗಿರುತ್ತದೆ. ಇನ್ನೂ ಹಲ್ಲಿದೆಯಲ್ಲಾ ಎಂದು ಅದನ್ನೇ ಓಡಿಸುವವರನ್ನು ನಾನು ಘಾಟಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಐದು ಹೊಸ ಟೈರಿಗೆ ಸುರಿಯುವ ಹಣದಲ್ಲಿ ಒಂದು ಚೂರನ್ನು ಗಾಳಿ ಅಳೆಯುವ ಮೀಟರಿಗೂ ಸಣ್ಣ ಕಂಪ್ರೆಸರಿಗೂ ಕೊಡಿ. ಎರಡೂ ಸೇರಿ ಒಂದು ಟೈರಿನ ಬೆಲೆಯಾಗುವುದಿಲ್ಲ. ಕೆಸರಿಗೆ, ಮರಳಿಗೆ ಇಳಿಯುವ ಮುನ್ನ ಗಾಳಿ 18ಕ್ಕೋ 20ಕ್ಕೋ ತನ್ನಿ. ಹಾಗೆ ಇಳಿಸಿದ ಮೇಲೆ ಮೂವತ್ತು ಕಿಲೋಮೀಟರ್ ವೇಗ ಮೀರಬೇಡಿ, ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಿ. ಈ ಅಭ್ಯಾಸ ಇರುವವರ ಸಾಮಾನ್ಯ ಟೈರು, ಇಲ್ಲದವರ ದುಬಾರಿ ಟೈರು ಹೂತ ಜಾಗವನ್ನು ದಾಟಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಓದುಗರಲ್ಲಿ ಒಂದೇ ಬೇಡಿಕೆ. ಟೈರು ಬದಲಿಸುವ ಮುನ್ನ ನಿಮ್ಮ ಗಾಡಿಯ ಚಾಲಕನ ಬಾಗಿಲು ತೆರೆದು ಕಂಬದ ಮೇಲೆ ನೋಡಿ. ಅಲ್ಲಿ ಇಲ್ಲದಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕ ತೆರೆಯಿರಿ. ಟೈರಿನ ಅಳತೆ, ಗಾಳಿ ಎಷ್ಟಿರಬೇಕು ಎಂಬುದನ್ನು ಅಲ್ಲಿ ಅಚ್ಚು ಹಾಕಿದ್ದಾರೆ. ಆ ಗಾಡಿಯನ್ನು ಸಾವಿರಾರು ಸಲ ಬ್ರೇಕು ಒತ್ತಿ, ತಿರುಗಿಸಿ, ಅಳೆದು ನೋಡಿದವರು ಬರೆದ ಅಂಕಿಗಳು ಅವು. ಅದನ್ನು ಓದಿ, ನಂತರ ಅಂಗಡಿಗೆ ಹೋಗಿ. ಮಳೆಗಾಲದ ಘಾಟಿಯಲ್ಲಿ ನಿಮ್ಮವರನ್ನೂ ಎದುರಿಗೆ ಬರುವವರನ್ನೂ ಕಾಯುವುದು ಒಂದೂವರೆ ಪೋಸ್ಟ್‌ಕಾರ್ಡಿನಷ್ಟು ರಬ್ಬರು. ಅದು ನೆಲವನ್ನು ಹಿಡಿಯುವಂತಿರಲಿ.